ಕೊಯ್ಯದೆ ಇಡುವ ಸ್ಪ್ರಿಂಗ್ ಬಗ್ಗೆ ಕೇಳಿದ್ದೀರಲ್ಲಾ

ದಾವಣಗೆರೆಯಿಂದ ಅಮೆರಿಕಕ್ಕೆ ಬಂದು 8 ತಿಂಗಳಾಯಿತು, ಈಗ 7 ತಿಂಗಳ ಬಸುರಿ, ಈ ಎರಡನೆಯದಾದ ಮೇಲೆ ಸಾಕು ಅಂತ ಬರೆದಿದ್ದೀರಿ. ಮತ್ತೆ ಮಕ್ಕಳಾಗದಂತೆ ಆಪರೇಷನ್ ಇಲ್ಲೇ ಮಾಡಿಸಿಕೊಳ್ಳಲಾ, ಊರಿಗೆ ಹೋದಾಗಲಾ, ಪಕ್ಕದ ಮನೆಯ ಅಮೆರಿಕದ ಹೆಂಗಸು ಹೊಟ್ಟೆ ಕೊಯ್ಯಿಸದೆ ಒಳಗೆ ಎರಡು ಸ್ಪ್ರಿಂಗ್ ಇಡಿಸಿಕೊಂಡಿದ್ದಾರಂತೆ, ಅದು ಒಳ್ಳೆಯದಾ ಅಂತ ಕೇಳಿದ್ದೀರಿ. ಅಕ್ಕ ಅಂತ ಕರೆದಿದ್ದೀರಿ, ಅದಕ್ಕೇ ಬಿಚ್ಚಿ ಬರೆಯುತ್ತೇನೆ.

ಆ ಸ್ಪ್ರಿಂಗ್ ಹೆಸರು ಎಶ್ಯೂರ್. ಈಗ ಸಿಗುವುದಿಲ್ಲ, ಸಿಗದಿರುವುದೇ ಒಳ್ಳೆಯದು. 2002ರಲ್ಲಿ ಇಲ್ಲಿನ ಎಫ್‌ಡಿಎ, ಅಂದರೆ ಔಷಧಿ ಮತ್ತು ಇಂಥ ಸಾಧನಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ, ಅದಕ್ಕೆ ಒಪ್ಪಿಗೆ ಕೊಟ್ಟಿತ್ತು, 2013ರಲ್ಲಿ ಬೇಯರ್ ಕಂಪನಿ ಅದನ್ನು ತಯಾರಿಸುತ್ತಿದ್ದ ಕಂಪನಿಯನ್ನೇ ಕೊಂಡುಕೊಂಡಿತು. ಕೆಳಗಿನಿಂದಲೇ ಸಣ್ಣ ಕೊಳವೆ ಹಾಕಿ, ಅಂಡ ಗರ್ಭಕೋಶಕ್ಕೆ ಬರುವ ಎರಡೂ ಗರ್ಭನಾಳದಲ್ಲಿ ಒಂದೊಂದು ಸ್ಪ್ರಿಂಗ್ ಕೂರಿಸುತ್ತಿದ್ದರು. ನಿಕ್ಕಲ್ ಮತ್ತು ಟೈಟಾನಿಯಂ ಬೆರೆಸಿದ ಲೋಹ, ಒಳಗೆ ಸ್ಟೀಲ್, ಅದರ ಸುತ್ತ ಪಾಲಿಯೆಸ್ಟರ್ ನೂಲಿನ ಎಳೆಗಳು. ಆ ನೂಲಿಗೆ ಮೈ ರೇಗಿ, ಗಾಯ ಮಾಯುವಾಗ ಕಟ್ಟುವಂಥ ಗಟ್ಟಿ ಮಾಂಸ ಬೆಳೆದು ನಾಳ ಮುಚ್ಚಿಕೊಳ್ಳಬೇಕು. ಅದಕ್ಕೆ 3 ತಿಂಗಳು ಬೇಕು, ಆಮೇಲೆ ಎಕ್ಸ್‌ರೇ ಪರೀಕ್ಷೆ ಮಾಡಿಸಿ ಮುಚ್ಚಿದೆಯೋ ಇಲ್ಲವೋ ನೋಡಬೇಕು, ಅಲ್ಲಿಯವರೆಗೆ ಬೇರೆ ಏನಾದರೂ ಬಳಸಲೇಬೇಕು. ನಮ್ಮಂಥವರಿಗೆ ಈ 3 ತಿಂಗಳೇ ಕಷ್ಟ, ಯಾಕೆಂದರೆ ಅಷ್ಟರಲ್ಲಿ ಗಂಡನ ಕೆಲಸ ಬದಲಾಗುತ್ತದೆ, ಇನ್ಶೂರೆನ್ಸ್ ಬದಲಾಗುತ್ತದೆ, ಊರೇ ಬದಲಾಗುತ್ತದೆ.

2012ರಲ್ಲಿ ನನ್ನ ಎರಡನೇ ಮಗು ಹುಟ್ಟಿದ ಮೇಲೆ ನನ್ನ ಡಾಕ್ಟರ್ ಕೂಡ ಇದರ ಬಣ್ಣದ ಹಾಳೆ ಕೈಗೆ ಕೊಟ್ಟಿದ್ದರು. ಕೊಯ್ಯುವುದಿಲ್ಲ, ಅದೇ ದಿನ ಮನೆಗೆ ಹೋಗಬಹುದು ಅಂದಾಗ ಯಾರಿಗೆ ಬೇಡ ಅನಿಸುತ್ತದೆ ಹೇಳಿ? ನಾನೂ ಸುಮ್ನೆ ತಲೆ ಆಡಿಸಿ ಬಂದೆ. ಮನೆಯಲ್ಲಿ ಆ ಹಾಳೆ ಓದುವಾಗ ನಿಕ್ಕಲ್ ಅನ್ನುವ ಪದ ಕಣ್ಣಿಗೆ ಬಿತ್ತು. ಗಿಲೀಟು ಓಲೆ ಹಾಕಿದರೆ ಎರಡೇ ದಿನಕ್ಕೆ ನನ್ನ ಕಿವಿ ಸೋರುತ್ತದೆ. ಅದು ನಿಕ್ಕಲ್ಲಿಗೇ ಇರಬೇಕು ಅನಿಸಿತು. ಓಲೆಯಾದರೆ ಬಿಚ್ಚಿಡಬಹುದು, ಇದನ್ನು ಬಿಚ್ಚುವುದು ಹೇಗೆ? ಮತ್ತೆ ಹೋಗಿ ಹೇಳಿದೆ, ಹಾಗಾದರೆ ಬೇಡ ಅಂದರು. ನಾನಾಗಿ ಹೇಳುವವರೆಗೆ ಅಲರ್ಜಿ ಇದೆಯಾ ಅಂತ ಯಾರೂ ಕೇಳಿರಲಿಲ್ಲ.

ಬೇರೆ ಹೆಂಗಸರು ಪಟ್ಟ ಪಾಡು ಕಡಿಮೆಯೇನಲ್ಲ. ಬಿಡದ ಕಿಬ್ಬೊಟ್ಟೆ ನೋವು, ಮುಟ್ಟಿನಲ್ಲಿ ವಿಪರೀತ ರಕ್ತ, ಮೈಮೇಲೆ ಗುಳ್ಳೆ, ಸುಸ್ತು. ಕೆಲವರಿಗೆ ಸ್ಪ್ರಿಂಗ್ ನಾಳವನ್ನೋ ಗರ್ಭಕೋಶವನ್ನೋ ತೂತು ಮಾಡಿ ಹೊಟ್ಟೆಯೊಳಗೆ ಸರಿದಿತ್ತು. ಕೆಲವರು ಮತ್ತೆ ಬಸುರಾದರು, ಅದರಲ್ಲೂ ನಾಳದಲ್ಲೇ ಗರ್ಭ ನಿಂತರೆ ಜೀವಕ್ಕೇ ಅಪಾಯ. ತೆಗೆಸಬೇಕೆಂದರೆ ದೊಡ್ಡ ಆಪರೇಷನ್, ಹೆಚ್ಚಾಗಿ ನಾಳವನ್ನೇ ತೆಗೆಯಬೇಕು, ಕೆಲವರಿಗೆ ಗರ್ಭಕೋಶವನ್ನೂ ತೆಗೆದಿದ್ದಾರೆ, ಎಳೆಯುವಾಗ ತುಂಡಾಗಿ ಒಳಗೆ ಉಳಿದದ್ದೂ ಇದೆ. ಕೊಯ್ಯಿಸಿಕೊಳ್ಳಬಾರದು ಅಂತ ಇಡಿಸಿಕೊಂಡವರ ಕಥೆ ಇದು. ತುಂಬಾ ಜನರಿಗೆ ಡಾಕ್ಟರುಗಳು ಇದು ಸ್ಪ್ರಿಂಗಿನಿಂದ ಅಲ್ಲ ಅಂತಲೇ ಹೇಳಿ ಕಳಿಸಿದ್ದರು ಅನ್ನುವುದು ನನಗೆ ಇವತ್ತಿಗೂ ಸಂಕಟ.

2016ರಲ್ಲಿ ಎಫ್‌ಡಿಎ ಅದರ ಮೇಲೆ ಕಪ್ಪು ಚೌಕದ ಎಚ್ಚರಿಕೆ, ಅಂದರೆ ಅವರ ಅತಿ ಗಂಭೀರ ಎಚ್ಚರಿಕೆ, ಹಾಕಿಸಿತು. ಆಮೇಲೂ ಕೆಲವು ಹೆಂಗಸರಿಗೆ ಅಪಾಯ ಏನೆಂದು ಹೇಳುತ್ತಿಲ್ಲ ಅಂತ ಗೊತ್ತಾಗಿ, ಡಾಕ್ಟರ್ ಮತ್ತು ಹೆಂಗಸು ಕೂತು ಪಟ್ಟಿ ಓದಿ ಸಹಿ ಹಾಕಿದರೆ ಮಾತ್ರ ಇಡಬಹುದು ಅಂತ 2018ರ ಏಪ್ರಿಲ್‌ನಲ್ಲಿ ಕಟ್ಟುಮಾಡಿತು. ಅದೇ ವರ್ಷದ ಕೊನೆಗೆ ಕಂಪನಿ ಇಲ್ಲಿ ಮಾರುವುದನ್ನು ನಿಲ್ಲಿಸಿತು, ಮಾರಾಟ ಕಡಿಮೆಯಾಯಿತು ಅನ್ನುವುದು ಅವರು ಕೊಟ್ಟ ಕಾರಣ. 2020ರಲ್ಲಿ ಸುಮಾರು 39,000 ದೂರುಗಳಲ್ಲಿ ಶೇಕಡಾ 90ರಷ್ಟನ್ನು 160 ಕೋಟಿ ಡಾಲರ್‌ಗೆ ಇತ್ಯರ್ಥ ಮಾಡಿಕೊಂಡರು, ತಪ್ಪು ಒಪ್ಪಿಕೊಳ್ಳಲಿಲ್ಲ.

ಪಕ್ಕದ ಮನೆಯವರನ್ನು ಹೆದರಿಸಬೇಡಿ. ತೊಂದರೆ ಇಲ್ಲದವರೂ ಬಹಳ ಜನ ಇದ್ದಾರೆ, ಅಂಥವರು ತೆಗೆಸಬೇಕಿಲ್ಲ ಅಂತ ಎಫ್‌ಡಿಎ ಕೂಡ ಹೇಳುತ್ತದೆ.

ಇನ್ನು ನಿಮ್ಮ ವಿಷಯ. ಊರಿನಲ್ಲಿ ಲ್ಯಾಪ್ರೋಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಮಾಡುವ ಆಪರೇಷನ್) ಮಾಡಿದರೆ ಹೆಚ್ಚಾಗಿ ನಾಳಕ್ಕೆ ಸಣ್ಣ ರಿಂಗ್ ಹಾಕುತ್ತಾರೆ. ಇಲ್ಲಿ ಈಗ ನಾಳವನ್ನೇ ಪೂರ್ತಿ ತೆಗೆಯುವುದು ಜಾಸ್ತಿ, ಅದರಿಂದ ಅಂಡಾಶಯದ ಕ್ಯಾನ್ಸರ್ ಸಾಧ್ಯತೆಯೂ ಕಡಿಮೆಯಾಗುತ್ತದೆ, ಆದರೆ ಮತ್ತೆ ಮಗು ಬೇಕೆಂದರೆ ಐವಿಎಫ್ (ಪ್ರನಾಳ ಶಿಶು) ಒಂದೇ ದಾರಿ. ಹೆಂಗಸರ ಆಪರೇಷನ್ ಖರ್ಚನ್ನು ಇಲ್ಲಿನ ಹೆಚ್ಚಿನ ಇನ್ಶೂರೆನ್ಸ್ ಪೂರ್ತಿ ಕೊಡಬೇಕು. ನಿಮ್ಮವರ ಹತ್ತಿರ ವ್ಯಾಸೆಕ್ಟಮಿ, ಅಂದರೆ ಗಂಡಸರ ಆಪರೇಷನ್, ಮಾತೂ ಎತ್ತಿ, ಅದು ಇದಕ್ಕಿಂತ ಎಷ್ಟೋ ಸಣ್ಣದು, ನಮ್ಮ ಮನೆಯಲ್ಲಿ ಕೊನೆಗೆ ಅದನ್ನೇ ಮಾಡಿಸಿದ್ದು.

ನೀವೇ ಮಾಡಿಸಿಕೊಳ್ಳುವುದಾದರೆ ಒಳಗೆ ಏನು ಇಡುತ್ತೀರಿ, ಅದು ಯಾವುದರಿಂದ ಮಾಡಿದ್ದು, ಬೇಡವಾದರೆ ಹೇಗೆ ತೆಗೆಯುತ್ತೀರಿ ಅಂತ ಕೇಳಿ. ಇಲ್ಲಿ ಎದುರು ಪ್ರಶ್ನೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ಡಾಕ್ಟರ್ ಹೇಳಿದ ಮೇಲೆ ಮುಗಿಯಿತು ಅನ್ನುವ ನಮ್ಮ ಅಭ್ಯಾಸ ಬಿಡಬೇಕು. ಏನಾದರೂ ಇಟ್ಟರೆ ಅದರ ಚೀಟಿ ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ.

ಇನ್ನೊಂದು, ಕ್ಯಾಥೊಲಿಕ್ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಈ ಆಪರೇಷನ್ ಮಾಡುವುದಿಲ್ಲ, ಹೆರಿಗೆ ಜೊತೆಗೂ ಮಾಡುವುದಿಲ್ಲ. ನಿಮ್ಮದು ಯಾವುದು ಅಂತ ಬರೆದಿಲ್ಲ. ಈಗಲೇ 7 ತಿಂಗಳಾಗಿದೆ, ಇದೇ ವಾರ ಫೋನ್ ಮಾಡಿ ಕೇಳಿಬಿಡಿ.