ಕಾಸ್ಡನ್ ಬೆಟ್ಟ: ಕಲ್ಸಾಲಿನಿಂದ ನೇರ ದಕ್ಷಿಣಕ್ಕೆ ಇಳಿಯಬೇಡಿ

ಸರ್, ಇಂಗ್ಲೆಂಡಿನ ಡಾರ್ಟ್‌ಮೂರ್‌ಗೆ ನೀವು ಹಾಕಿಕೊಂಡಿರುವ ದಾರಿ ನೋಡಿದೆ. ಸೌತ್ ಝೀಲ್ ಹಳ್ಳಿಯಿಂದ ಕಾಸ್ಡನ್ ಹತ್ತಿ, ಮೂರು ಸಾಲಾಗಿ ನೆಟ್ಟ ಹಳೆಯ ಕಲ್ಲುಗಳನ್ನು (ಕಲ್ಸಾಲು) ನೋಡಿ, ಅಲ್ಲಿಂದಲೇ ವೈಟ್ ಮೂರ್ ಕಲ್ಲುವೃತ್ತಕ್ಕೆ ನೇರ ಗೆರೆ ಎಳೆದಿದ್ದೀರಿ. ನಾನೂ ಹಿಂದೆ ಇದೇ ತಪ್ಪು ಮಾಡಿದವನು. ದಯವಿಟ್ಟು ಆ ಗೆರೆ ಅಳಿಸಿ. ಅದು ರೇಬರೋ ಪೂಲ್ ಮಗ್ಗುಲಿಗೇ ಹೋಗುತ್ತದೆ. ಹೆಸರು ಪೂಲ್ (ಕೊಳ), ಇರುವುದು ಬರೀ ಹುದುಲು. ಕೆಳಗಿನ ಗ್ರಾನೈಟ್ ನೀರು ಇಂಗಗೊಡುವುದಿಲ್ಲ, ತಗ್ಗಿನಲ್ಲಿ ಪೀಟ್ (ಅರೆಕೊಳೆತ ಗಿಡಗಳ ಕಪ್ಪು ಮಣ್ಣು) ನೆನೆದು ನಿಂತಿರುತ್ತದೆ. ಬೇಸಿಗೆಯಲ್ಲೂ ನಂಬಬೇಡಿ.

ಕಲ್ಸಾಲಿನಿಂದ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ 700 ಮೀಟರ್ ಹತ್ತಿ, 550 ಮೀಟರ್ ಎತ್ತರದ ನೆತ್ತಿ ಸೇರಿ. ಅಲ್ಲಿಂದ ಏಣು ಬಿಡದೆ ದಕ್ಷಿಣಕ್ಕೆ, ಲಿಟಲ್ ಹೌಂಡ್ ಟಾರ್ ಎಂಬ ದಿಬ್ಬ ದಾಟಿ ವೃತ್ತಕ್ಕೆ ಸುಮಾರು 2 ಕಿ.ಮೀ. ಸುತ್ತು ಅನಿಸಿದರೂ ಕಾಲು ಒಣಗಿರುತ್ತದೆ. ಮಂಜು ಕವಿದರೆ ಎಡಕ್ಕೆ ಇಳಿಜಾರು ಸಿಕ್ಕ ಕೂಡಲೇ ನಿಲ್ಲಿ, ಹುದುಲು ಇರುವುದು ಆ ಕಡೆಗೇ. ಹೆದರ್ ಎಂಬ ಕುರುಚಲು ಪೊದೆ ಇದ್ದಲ್ಲಿ ಸಾಮಾನ್ಯವಾಗಿ ನೆಲ ಗಟ್ಟಿ. ಎಳೆ ಹಸಿರು ಪಾಚಿಯ ಹಾಸು, ಬಿಳಿ ಹತ್ತಿಯಂಥ ಕುಚ್ಚಿನ ಹುಲ್ಲು ಕಂಡರೆ ಮುಂದೆ ಹೆಜ್ಜೆ ಇಡಬೇಡಿ. ಕೋಲು ಊರಿ ನೋಡಿ: ಹಿಡಿಯವರೆಗೂ ಇಳಿದರೆ ಬಂದ ಹೆಜ್ಜೆಯಲ್ಲೇ ವಾಪಸ್.

ಫೋನ್ ಒಂದನ್ನೇ ನಂಬಿ ಹೋಗುವುದು ಬಿಡಿ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಒಎಲ್28 ಹಾಳೆ, 1:25,000 ಅಳತೆಯದು, ಅದೇ ಸರಿ. ಹಾರ್ವಿ ಕಂಪನಿಯ 1:40,000 ನಕ್ಷೆ ಓದಲು ಚೆಂದ, ಆದರೆ ಅದರಲ್ಲಿ ಇಂಥ ಸಣ್ಣ ಗುರುತು ಹುಡುಕುವುದು ಕಷ್ಟ. ದಿಕ್ಸೂಚಿ ಸಿಲ್ವಾ ಕಂಪನಿಯದು ಸಾಕು. ಹಳೆಯ ಕೈಪಿಡಿಗಳು ಹೇಳುವ ಡಿಗ್ರಿ ಕೂಡುವ ಲೆಕ್ಕ ಈಗ ಅಲ್ಲಿ ಬೇಡ, ನಕ್ಷೆಯ ಉತ್ತರಕ್ಕೂ ದಿಕ್ಸೂಚಿಯ ಉತ್ತರಕ್ಕೂ ಇರುವ ವ್ಯತ್ಯಾಸ ಸೊನ್ನೆಯ ಆಸುಪಾಸಿಗೆ ಬಂದಿದೆ. ಗೋರ್‌ಟೆಕ್ಸ್ (ನೀರು ತಡೆಯುವ ಪದರ) ಇರುವ ಶೂಗೆ ದುಡ್ಡು ಸುರಿಯಬೇಡಿ. ಹುದುಲಲ್ಲಿ ನೀರು ನುಗ್ಗುವುದು ಶೂ ಬಾಯಿಂದ, ಒಳಗೆ ಹೋದ ನೀರನ್ನು ಆ ಪದರ ಹೊರಗೂ ಬಿಡುವುದಿಲ್ಲ. ಅದರ ಬದಲು ಮೊಣಕಾಲವರೆಗಿನ ಗೇಟರ್ (ಶೂ ಬಾಯಿ ಮುಚ್ಚುವ ಕಾಲುಕವಚ) ತಗೊಳ್ಳಿ, ಇನ್ನೊಂದು ಜೊತೆ ಉಣ್ಣೆ ಕಾಲುಚೀಲ ಬ್ಯಾಗಲ್ಲಿರಲಿ. ಜೀನ್ಸ್ ಖಂಡಿತ ಬೇಡ.

ಇನ್ನು, ನೆತ್ತಿಯ ಕಲ್ಗುಪ್ಪೆಗೆ 'ನಮ್ಮದೂ ಒಂದು ಕಲ್ಲು ಇಡೋಣ' ಅಂತ ಬರೆದಿದ್ದೀರಲ್ಲ, ಅದು ಓದಿ ಬೇಸರವಾಯಿತು. ಅದು ದಾರಿಗುರುತಲ್ಲ ಸರ್, ಕಂಚಿನ ಯುಗದ ಸಮಾಧಿ. ಗಾಳಿಗೆ ಮರೆ ಬೇಕೆಂದು ಕಲ್ಲು ಕಿತ್ತು ಗುಂಡಿ ಮಾಡುವುದೂ ಅಷ್ಟೇ ಕೆಟ್ಟದ್ದು. ಸಂರಕ್ಷಿತ ಸ್ಮಾರಕದ ಕಲ್ಲು ಕದಲಿಸುವುದು ಅಲ್ಲಿನ 1979ರ ಪ್ರಾಚೀನ ಸ್ಮಾರಕ ಕಾಯ್ದೆ ಪ್ರಕಾರ ಅಪರಾಧ. ಅಲ್ಲಿನ ಆಮ್ಲಮಣ್ಣಿನಲ್ಲಿ ಮೂಳೆ ಉಳಿಯುವುದೇ ಅಪರೂಪ, ಸತ್ತವರ ಗುರುತಾಗಿ ಉಳಿದಿರುವುದು ಕಲ್ಲಿನ ಜೋಡಣೆ ಮಾತ್ರ. ಕಲ್ಸಾಲಿನ ಪಶ್ಚಿಮ ತುದಿಯಲ್ಲಿ ಬಗ್ಗಿ ನೋಡಿ, ಚಪ್ಪಡಿ ನಿಲ್ಲಿಸಿ ಮಾಡಿದ ಶವಪೆಟ್ಟಿಗೆಗಳಿವೆ. ನಮ್ಮ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಶಿಲಾಯುಗದ ಮಾದರಿಯ ಕಲ್ಮನೆಯ (ಕಲ್ಲಿನ ಸಮಾಧಿ) ಎತ್ತರ ನಿರೀಕ್ಷಿಸಬೇಡಿ, ಇವು ನೆಲಮಟ್ಟದಲ್ಲೇ ಇರುತ್ತವೆ. ಅವುಗಳ ಮೇಲೆ ಕೂತು ಬುತ್ತಿ ಬಿಚ್ಚಬೇಡಿ.

ಹತ್ತಲು ಒಂದೂಕಾಲು ಗಂಟೆ ಇಟ್ಟುಕೊಳ್ಳಿ, ಮಕ್ಕಳಿದ್ದರೆ ಎರಡು. ನಾಯಿ ಕರೆದೊಯ್ಯುವುದಾದರೆ ಮಾರ್ಚ್ 1ರಿಂದ ಜುಲೈ 31ರವರೆಗೆ ಹಗ್ಗ ಕಡ್ಡಾಯ, ಹಕ್ಕಿಗಳು ನೆಲದಲ್ಲೇ ಗೂಡು ಕಟ್ಟುವ ಕಾಲ ಅದು. ಬ್ರಾಕನ್ ಜರೀಗಿಡದ ನಡುವೆ ಇಳಿದು ಬಂದರೆ ಮನೆಗೆ ಬಂದು ಮೊಣಕಾಲ ಹಿಂಭಾಗ, ತೊಡೆಸಂದು ನೋಡಿಕೊಳ್ಳಿ. ಉಣ್ಣಿ (ರಕ್ತ ಹೀರುವ ಸಣ್ಣ ಹುಳು) ಕಚ್ಚಿದ್ದರೆ ಸಣ್ಣ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಪ್ರಯೋಗ ಮಾಡಬೇಡಿ.