ಸಂಜೆ ತರಗತಿಯಲ್ಲಿ ಊರಿನ ಜನರಿಗೆ ಮೆಟ್ರಿಕ್ ಅಳತೆ ಕಲಿಸಬೇಕು, ಅವರು ಅಡಿ, ಇಂಚು ಬಿಡುತ್ತಿಲ್ಲ. ಅಡಿಯಿಂದ ಸೆಂಟಿಮೀಟರಿಗೆ ಒಳ್ಳೆಯ ಪಟ್ಟಿ ಹೇಗೆ ಮಾಡಲಿ?

ಪಟ್ಟಿ ಮಾಡಲೇಬೇಡಿ. ಸಂಜೆ ತರಗತಿಗೆ ಬರುವವರು ಅಡಿ, ಇಂಚು ಬಿಡುತ್ತಿಲ್ಲ ಅಂದಿರಲ್ಲ, ಪಟ್ಟಿ ಕೊಟ್ಟರೆ ಅದು ಇನ್ನೂ ಗಟ್ಟಿಯಾಗುತ್ತೆ.

ನಾನು ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. ಎಂಟನೇ ತರಗತಿಯ ಗೋಡೆಗೆ ದೊಡ್ಡ ಚಾರ್ಟ್ ಬರೆದು ಹಾಕಿದ್ದೆ. 1 ಇಂಚು 2.54 ಸೆಂ.ಮೀ., 1 ಅಡಿ 30.48 ಸೆಂ.ಮೀ., 1 ಎಕರೆ 0.405 ಹೆಕ್ಟೇರ್. ಮಕ್ಕಳು ಬಾಯಿಪಾಠ ಮಾಡಿದರು. ಬಾಯಿಲೆಕ್ಕಕ್ಕೆ ಕಷ್ಟ ಆಗುತ್ತೆ ಅಂತ "ಅಡಿ ಅಂದ್ರೆ 30 ಅಂತ ಇಟ್ಕೊಳ್ಳಿ" ಅಂದವನೂ ನಾನೇ.

ಅದೇ ವರ್ಷ ಮನೆ ಕಟ್ಟಿಸುತ್ತಿದ್ದೆ. ಆಚಾರ್ರು ಬಾಗಿಲ ಚೌಕಟ್ಟುಗಳನ್ನು ಅವರ ಲೆಕ್ಕದಲ್ಲೇ ನಿಲ್ಲಿಸಿದ್ದರು, ಕದ ಕೂರುವ ಜಾಗ 3 ಅಡಿ ಅಗಲ, 7 ಅಡಿ ಎತ್ತರ. ಕದ ಮಾತ್ರ ಪೇಟೆಯಲ್ಲಿ ಮಾಡಿಸೋಣ ಅಂತ ಚೀಟಿ ಬರೆದುಕೊಟ್ಟೆ. ಪಾಠ ಹೇಳುವವನು ತಾನೂ ಪಾಲಿಸಬೇಕು ಅಲ್ವಾ, ಅದಕ್ಕೆ ಸೆಂಟಿಮೀಟರಿನಲ್ಲೇ ಬರೆದೆ: 90 × 210. ಆರು ಕದ ಬಂದವು. ಒಂದೂ ಕೂರಲಿಲ್ಲ. 7 ಅಡಿ ಅಂದರೆ 213.36, ಎತ್ತರದಲ್ಲಿ ಮೂರು ಸೆಂಟಿಮೀಟರಿಗಿಂತ ಜಾಸ್ತಿ ಕಮ್ಮಿ. ಅಗಲದಲ್ಲೂ ಸುಮಾರು ಒಂದೂವರೆ ಕಮ್ಮಿ. ಕೆಳಗೆ ಇಲಿ ನುಗ್ಗುವಷ್ಟು ಸಂದು. ಎರಡೂ ಕಡೆ ರೀಪು ಅಂಟಿಸಿದರೆ ನಿಲ್ಲಲ್ಲ ಅಂದರು ಆಚಾರ್ರು. ಆರನ್ನೂ ಮತ್ತೆ ಮಾಡಿಸಿದೆ.

ದಶಮಾಂಶ ಬಿಟ್ಟಿದ್ದೇ ತಪ್ಪು ಅಂತ ತುಂಬಾ ದಿನ ಅಂದುಕೊಂಡಿದ್ದೆ. ಅಲ್ಲ. ಚೌಕಟ್ಟೂ ಕದವೂ ಎರಡೂ ಅಡಿಯಲ್ಲಿದ್ದರೆ ಸರಿಯಾಗಿ ಕೂರುತ್ತಿತ್ತು. ಎರಡೂ 90 × 210 ಇದ್ದರೂ ಕೂರುತ್ತಿತ್ತು. ಒಂದನ್ನು ಅಡಿಯಲ್ಲಿ ಅಳೆದು, ಇನ್ನೊಂದನ್ನು ತಲೆಯಲ್ಲಿ ಗುಣಿಸಿ ತೆಗೆದೆ ನೋಡಿ, ಅಲ್ಲೇ ಕೆಟ್ಟಿದ್ದು. ಆಚಾರ್ರ ಕೈಲಿದ್ದ ಟೇಪಿನ ಇನ್ನೊಂದು ಅಂಚಿನಲ್ಲಿ ಸೆಂಟಿಮೀಟರ್ ಇತ್ತು. "ಮೇಷ್ಟ್ರೇ, ಟೇಪು ಹಿಡಿದು ಓದಬಾರದಿತ್ತಾ?" ಅಂತ ಅವರು ಕೇಳಿದಾಗ ಉತ್ತರ ಇರಲಿಲ್ಲ. ಸೆಂಟಿಮೀಟರ್ ಅಂದರೆ ಅಡಿಯನ್ನು ಗುಣಿಸಿ ಸಿಗುವ ಸಂಖ್ಯೆ ಅಂತ ನನ್ನ ತಲೆಯಲ್ಲಿ ಕೂತಿತ್ತು. ನಲವತ್ತು ಮಕ್ಕಳಿಗೂ ಅದನ್ನೇ ಕಲಿಸುತ್ತಿದ್ದೆ. ಆ ವಾರವೇ ಚಾರ್ಟ್ ತೆಗೆದೆ.

ಕಿಲೋ ನಮ್ಮಲ್ಲಿ ಹೇಗೆ ಬಂತು ಅಂತ ಯೋಚಿಸಿ. 1956ರಲ್ಲಿ ಕಾನೂನು, 1958ರ ಅಕ್ಟೋಬರ್‌ನಿಂದ ಹೊಸ ತೂಕ. ಒಂದೆರಡು ವರ್ಷ ಹಳೆಯದೂ ಹೊಸದೂ ಜೊತೆಗಿದ್ದವು, ಆಮೇಲೆ ಅಂಗಡಿಯ ತಕ್ಕಡಿಯಿಂದ ಹಳೆ ಬಟ್ಟುಗಳೇ ಹೋದವು. ಇವತ್ತು ಈರುಳ್ಳಿ ಕೊಳ್ಳುವಾಗ ಇದು ಎಷ್ಟು ಸೇರು ಅಂತ ಯಾರೂ ಲೆಕ್ಕ ಹಾಕಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಅನ್ನಕ್ಕೆ ಅಕ್ಕಿ ಹಾಕೋದು ಇನ್ನೂ ಪಾವಿನಲ್ಲೇ, ಯಾಕಂದರೆ ಅಕ್ಕಿ ಡಬ್ಬದೊಳಗೆ ಪಾವು ಇದೆ. ಬಟ್ಟೆಯಂಗಡಿಯವನು ಮೀಟರಿನಲ್ಲಿ ಹರಿದುಕೊಡುತ್ತಾನೆ, ಟೈಲರ್ ಅದೇ ಬಟ್ಟೆಗೆ ಇಂಚಿನ ಟೇಪು ಹಿಡಿಯುತ್ತಾನೆ. ಕೈಯಲ್ಲಿ ಏನಿದೆಯೋ ಅದೇ ಬಾಯಲ್ಲಿ ಬರೋದು.

ಅದಕ್ಕೆ ಹೇಳ್ತೀನಿ, ಚಾರ್ಟಿನ ದುಡ್ಡಲ್ಲಿ ಬರೀ ಸೆಂಟಿಮೀಟರ್ ಇರುವ ಟೇಪು ತನ್ನಿ. ಸಿಗದಿದ್ದರೆ ಇಂಚಿನ ಅಂಚಿಗೆ ಬಣ್ಣ ಬಳಿಯಿರಿ. 30×40 ಸೈಟು, ಗುಂಟೆ, ಎಕರೆ ಅಂತ ಮಾತಾಡುವವರ ಜೊತೆ ವಾದಕ್ಕೆ ಹೋಗಬೇಡಿ, ಸುಮ್ನೆ ಅಳೆಯೋಕೆ ಬಿಡಿ. ತಮ್ಮ ಗೇಣು ಎಷ್ಟು ಸೆಂಟಿಮೀಟರ್, ಮನೆಯ ಮೆಟ್ಟಿಲು ಎಷ್ಟು ಎತ್ತರ, ಮಗಳು ಎಷ್ಟು ಎತ್ತರ ಅಂತ ಅವರೇ ಅಳೆದು ಬರೆದುಕೊಳ್ಳಲಿ. "ಇದು ಎಷ್ಟು ಅಡಿ ಆಯ್ತು ಸಾರ್?" ಅಂತ ಕೇಳಿಯೇ ಕೇಳುತ್ತಾರೆ. ಆಗ ಗುಣಾಕಾರ ಹೇಳಿಕೊಡಬೇಡಿ, ಟೇಪು ಕೊಟ್ಟು ಇನ್ನೊಂದು ವಸ್ತು ಅಳೆಸಿ. ನಾನಂತೂ ಮೊದಲ ದಿನ ತರಗತಿಯ ಬಾಗಿಲನ್ನೇ ಅಳೆಸುತ್ತೇನೆ, ಮೊದಲು ಚೌಕಟ್ಟು, ಆಮೇಲೆ ಕದ.