ಪಾಲಿಸೈಥೀಮಿಯಾ ವೆರಾ ಇದ್ದವರಿಗೆ ಏನೇನು ತೊಂದರೆ ಬರಬಹುದು?

ನಿಮ್ಮ ತಂದೆಯವರಿಗೆ ಪಾಲಿಸೈಥೀಮಿಯಾ ವೆರಾ ಇದೆ ಅಂತ ಗೊತ್ತಾಗಿದೆ, ಮುಂದೆ ಏನಾಗಬಹುದು ಅಂತ ಕೇಳಿದ್ದೀರಿ. ನನಗೂ ಇದೇ ಕಾಯಿಲೆ, ಹಲವು ವರ್ಷಗಳಿಂದ ಇದೆ. ಇದು ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರ್ ಅಂದ ಕೂಡಲೇ ಮನೆಯವರೆಲ್ಲ ಕುಸಿದು ಕೂರುತ್ತಾರೆ. ಆದರೆ ದಿನನಿತ್ಯ ಎಚ್ಚರ ಇರಬೇಕಾದದ್ದು ರಕ್ತ ಹೆಪ್ಪುಗಟ್ಟುವುದರ ಬಗ್ಗೆ.

ಮೂಳೆಯ ಮಜ್ಜೆ ಬೇಕಾದ್ದಕ್ಕಿಂತ ಜಾಸ್ತಿ ಕೆಂಪು ರಕ್ತಕಣ ತಯಾರಿಸುತ್ತದೆ. ಸುಮಾರು 95% ರೋಗಿಗಳಲ್ಲಿ ಇದರ ಹಿಂದೆ ಇರುವುದು ಜಾಕ್2 ಜೀನಿನ ಒಂದು ಬದಲಾವಣೆ. 2005ರಲ್ಲಿ ಇದು ಪತ್ತೆಯಾಯಿತು. ಕಣ ಹೆಚ್ಚಿದಂತೆ ರಕ್ತ ಮಂದವಾಗುತ್ತದೆ. ಹೃದಯಾಘಾತ, ಸ್ಟ್ರೋಕ್, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಎಲ್ಲಕ್ಕೂ ದಾರಿಯಾಗುತ್ತದೆ. ಯಕೃತ್ತಿನ ರಕ್ತನಾಳದಲ್ಲೂ ಹೆಪ್ಪುಗಟ್ಟಬಹುದು. ಹಾಗಾಗಿ ಹೊಟ್ಟೆ ನೋವು, ಹೊಟ್ಟೆ ಊತ ಬಂದರೆ ಗ್ಯಾಸ್ ಅಂತ ಸುಮ್ನೆ ಇರಬೇಡಿ. ವಯಸ್ಸು 60 ದಾಟಿದ್ದರೆ ಅಥವಾ ಮೊದಲೇ ಒಮ್ಮೆ ಹೆಪ್ಪುಗಟ್ಟಿದ್ದರೆ ಅಪಾಯ ಇನ್ನೂ ಜಾಸ್ತಿ.

ರಿಪೋರ್ಟಿನಲ್ಲಿ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅಂತ ನೋಡಿ. ಅದು 45%ಕ್ಕಿಂತ ಕೆಳಗಿರಬೇಕು. 2013ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ, ಅದನ್ನು 45ರಿಂದ 50ರ ನಡುವೆ ಬಿಟ್ಟವರಲ್ಲಿ ದೊಡ್ಡ ಹೆಪ್ಪುಗಳು ಮತ್ತು ಹೃದಯ, ರಕ್ತನಾಳದ ಕಾರಣದ ಸಾವು 45ಕ್ಕಿಂತ ಕೆಳಗಿಟ್ಟವರಿಗಿಂತ ಸುಮಾರು ನಾಲ್ಕು ಪಟ್ಟು ಕಂಡುಬಂತು. ಅದಕ್ಕೇ ಆಗಾಗ ರಕ್ತ ತೆಗೆಯುವುದು, ಕಡಿಮೆ ಡೋಸಿನ ಆಸ್ಪಿರಿನ್ ಕೊಡುವುದು. ಕೆಲವರಿಗೆ ಹೈಡ್ರಾಕ್ಸಿಯೂರಿಯಾ ಅನ್ನೋ, ರಕ್ತಕಣಗಳ ತಯಾರಿಕೆ ತಗ್ಗಿಸುವ ಔಷಧಿ ಕೂಡ ಬೇಕಾಗುತ್ತದೆ.

ಒಂದು ಮಾತು ಒತ್ತಿ ಹೇಳುತ್ತೇನೆ. ರಕ್ತ ತೆಗೆಯುತ್ತಾ ಹೋದಂತೆ ದೇಹದಲ್ಲಿ ಕಬ್ಬಿಣದ ಅಂಶ ಇಳಿಯುತ್ತದೆ, ಸುಸ್ತಾಗುತ್ತದೆ. ಆಗ ಯಾರಾದರೂ ಐರನ್ ಮಾತ್ರೆ ತಗೊಳ್ಳಿ ಅನ್ನುತ್ತಾರೆ. ರಕ್ತರೋಗ ತಜ್ಞರನ್ನು ಕೇಳದೆ ಕೊಡಲೇಬೇಡಿ. ಕೆಂಪು ಕಣ ಮತ್ತೆ ಸರ್ರನೆ ಏರಬಹುದು.

ನನ್ನನ್ನು ಜಾಸ್ತಿ ಕಾಡುವುದು ತುರಿಕೆ. ಸ್ನಾನ ಮುಗಿಸಿ ಮೈ ಒರೆಸಿಕೊಳ್ಳುವಷ್ಟರಲ್ಲಿ ತೊಡೆ, ಬೆನ್ನು, ತೋಳು ಎಲ್ಲ ಸೂಜಿ ಚುಚ್ಚಿದ ಹಾಗೆ. ಚರ್ಮದ ಮೇಲೆ ಒಂದು ಗುಳ್ಳೆಯೂ ಇರುವುದಿಲ್ಲ, ಹಾಗಾಗಿ ನೋಡುವವರಿಗೆ ನಂಬಿಕೆ ಬರುವುದಿಲ್ಲ. ತಂದೆಯವರು ಸ್ನಾನಕ್ಕೆ ಹಿಂಜರಿದರೆ ದಯವಿಟ್ಟು ಬೈಯಬೇಡಿ. ನನಗೆ ಉಗುರುಬೆಚ್ಚಗಿನ ನೀರು, ಉಜ್ಜದೆ ಟವೆಲ್ ಒತ್ತಿ ಒರೆಸುವುದು ಸ್ವಲ್ಪ ಆರಾಮ ಕೊಟ್ಟಿವೆ. ಕೆಲವರಿಗೆ ಕಾಲ್ಬೆರಳು ಕೆಂಪಾಗಿ ಉರಿಯುತ್ತದೆ. ಅದನ್ನೂ ಡಾಕ್ಟರಿಗೆ ಹೇಳಿ.

ಹೊಟ್ಟೆಯ ಎಡಬದಿಯಲ್ಲಿರುವ ಗುಲ್ಮ (ಸ್ಪ್ಲೀನ್) ದೊಡ್ಡದಾದರೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಯೂರಿಕ್ ಆಸಿಡ್ ಏರಿ ಗೌಟ್, ಅಂದರೆ ಕೀಲು ಊದಿ ನೋಯುವ ಕಾಯಿಲೆ ಬರಬಹುದು. ರಕ್ತ ಹೆಪ್ಪುಗಟ್ಟಿಸುವ ಕಣವಾದ ಪ್ಲೇಟ್‌ಲೆಟ್ ವಿಪರೀತ ಏರಿದಾಗ ಉಲ್ಟಾ ರಕ್ತಸ್ರಾವವೂ ಆಗುವುದುಂಟು. ಎಷ್ಟೋ ವರ್ಷಗಳ ಮೇಲೆ ಕೆಲವರಲ್ಲಿ ಮಜ್ಜೆ ಗಟ್ಟಿಯಾಗಿ ಮೈಲೋಫೈಬ್ರೋಸಿಸ್ ಆಗುತ್ತದೆ, ಇನ್ನೂ ಕೆಲವೇ ಜನರಲ್ಲಿ ಲ್ಯುಕೇಮಿಯಾ ಅನ್ನೋ ತೀವ್ರವಾದ ರಕ್ತದ ಕ್ಯಾನ್ಸರ್. ಎಲ್ಲರಿಗೂ ಹೀಗಾಗುವುದಿಲ್ಲ.

ಮಾತು ತೊದಲಿದರೆ, ಒಂದು ಕಡೆ ಕೈಕಾಲು ಸೋತರೆ, ಎದೆ ನೋವು, ಏದುಸಿರು ಬಂದರೆ, ಒಂದೇ ಕಾಲು ಊದಿಕೊಂಡರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಆಪರೇಷನ್ ಇರಲಿ, ಹಲ್ಲು ಕೀಳಿಸುವುದೇ ಇರಲಿ, ಈ ಕಾಯಿಲೆ ಇದೆ, ಆಸ್ಪಿರಿನ್ ನಡೀತಿದೆ ಅಂತ ಮೊದಲೇ ಹೇಳಿಬಿಡಿ.